ಜ್ವರಕ್ಕೆ ಕೂತ ಮಗು

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಅಂಗೈಯಗಲ ಬಂದಿತ್ತು. ರೇಷ್ಮೆ ಹುಳುಗಳು ಪೊರೆ ಬಿಡುವ ನಾಲ್ಕನೆಯ ಜ್ವರದಿಂದ ಹಿಂದಿನ ದಿನವಷ್ಟೇ ಎದ್ದಿದ್ದವು. ಇನ್ನು ಗೂಡು ಕಟ್ಟುವವರೆಗೆ ಅವಕ್ಕೆ ತಿನ್ನುವುದೊಂದೇ ಕೆಲಸ, ಮನೆಯವರಿಗೆ ತಿನ್ನಿಸುವುದೊಂದೇ ಕೆಲಸ. ಹುಳುಮನೆಯೊಳಗೆ ನಿಂತರೆ ಎಲ್ಲೋ ಚೀಲದ ಬಾಯಿ ಬಿಚ್ಚಿಕೊಂಡು ಕಾಳು ಸುರಿಯುತ್ತಲೇ ಇದೆಯೇನೋ ಅನ್ನಿಸುವಂಥ ಸದ್ದು, ನಾಲ್ಕೂ ಗೋಡೆಗಳಿಂದ.

ಸೊಸೆ ಮಣೆಯ ಮೇಲೆ ಹತ್ತಿ ನಿಂತು ಮೇಲಿನ ತಟ್ಟೆಗೆ ಸೊಪ್ಪು ಹರಡುತ್ತಿದ್ದಳು. ಅತ್ತೆ ಕೆಳಗಿನಿಂದ ಕಂತೆ ಕಂತೆಯಾಗಿ ಎತ್ತಿ ಕೊಡುತ್ತಿದ್ದಳು.

"ನಾಳೆ ಆಸ್ಪತ್ರೆಗೆ ಹೋಗ್ತೀನಿ ಅತ್ತೆ," ಎಂದಳು ಸೊಸೆ, ತಟ್ಟೆಯಿಂದ ಕಣ್ಣು ತೆಗೆಯದೆ.

ಅತ್ತೆ ಎತ್ತಿದ ಕಂತೆಯನ್ನು ಎತ್ತಿದಲ್ಲೇ ಹಿಡಿದುಕೊಂಡಳು. "ಹುಳು ಎದ್ದು ಇನ್ನೂ ಬಾಯಿ ತೊಳೆದಿಲ್ಲ. ನಾಳೆ ಅಂತೀಯಲ್ಲೇ."

"ಮಗೂನ ಮೂರು ತಿಂಗಳಿಗೆ ಕರ್ಕೊಂಡು ಬನ್ನಿ ಅಂದಿದ್ರು. ಆವಾಗ್ಲೂ ಹುಳು ಹಸ್ಕೊಂಡಿದ್ವು."

ಅತ್ತೆ ಕಂತೆಯನ್ನು ಸೊಸೆಯ ಕೈಗೆ ಸ್ವಲ್ಪ ಜೋರಾಗಿಯೇ ತುರುಕಿ ಇನ್ನೊಂದನ್ನು ತರಲು ಬಾಗಿದಳು. ಆ ಮನೆಯಲ್ಲಿ ಹುಳು ಮೇಯುವ ದಿನಗಳಲ್ಲಿ ಯಾರೂ ಹೊಸಿಲು ದಾಟುತ್ತಿರಲಿಲ್ಲ. ಮದುವೆಗೆ ಹೋಗುತ್ತಿರಲಿಲ್ಲ, ಸಾವಿಗೆ ಹೋದರೂ ಕೂರುತ್ತಿರಲಿಲ್ಲ. ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಆರು ತಿಂಗಳು ತುಂಬುತ್ತ ಬಂದಿದ್ದ ಮಗು ಹುಳುಮನೆಯ ಮುಂದಿನ ಕೋಣೆಯಲ್ಲಿತ್ತು. ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಟ್ಟ ಕೋಣೆ. ಮಗುವಿಗೆಂದು ತೊಟ್ಟಿಲು ಮಾಡಿಸಿರಲಿಲ್ಲ. ಹುಳು ಸಾಕುವ ಬಿದಿರಿನ ತಟ್ಟೆಯಲ್ಲೇ ಹಳೆಯ ಬಟ್ಟೆಗಳನ್ನು ಮೆತ್ತಗೆ ಹಾಸಿ, ಕೈಕಾಲು ಆಡದಂತೆ ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದರು. ಆ ಕೋಣೆಗೆ ಬಂದವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಮಗು ಅಳುತ್ತಿರಲಿಲ್ಲ. ಹಾಲಿಗೂ ಅಳುತ್ತಿರಲಿಲ್ಲ, ಹೊತ್ತು ನೋಡಿ ಎಬ್ಬಿಸಿ ಕುಡಿಸಬೇಕಾಗಿತ್ತು. ನೋಡಲು ಬಂದವರೆಲ್ಲ ಎಷ್ಟು ಸಾಧು ಮಗು ಎಂದರು. ಹಾಗೆ ಅನ್ನುತ್ತ ಅನ್ನುತ್ತ ಸಾಧು ಎನ್ನುವುದೇ ಅದರ ಹೆಸರಾಗಿಹೋಯಿತು.

ಅದು ಹುಟ್ಟಿದ ದಿನವೂ ಮನೆಯಲ್ಲಿ ಹುಳುವಿನ ಗಲಾಟೆಯೇ. ಗೂಡು ಕಟ್ಟಲು ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ. ಬಿದಿರಿನ ಸುರುಳಿಗಳ ಆ ದೊಡ್ಡ ತಟ್ಟೆಗೆ ಹೊತ್ತಿಗೆ ಸರಿಯಾಗಿ ಬಿಡದಿದ್ದರೆ ಹುಳು ಎಲ್ಲೆಂದರಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಬೆಳಿಗ್ಗೆ ನೋವು ಕಾಣಿಸಿಕೊಂಡಾಗ ಸೊಸೆಯೇ, ಇದಿಷ್ಟು ಆರಿಸಿಬಿಡ್ತೀನಿ ಎಂದಿದ್ದಳು. ಚೊಚ್ಚಲು ಹೆರಿಗೆ, ನಾಳೆಯವರೆಗೂ ಎಳೆಯುತ್ತದೆ ಎಂದಿದ್ದಳು ಅತ್ತೆ. ಗಾಡಿ ತರಲು ಹೋದ ಗಂಡ ಸಂಜೆಯವರೆಗೂ ಬರಲಿಲ್ಲ. ಗಾಡಿಯವನು ಯಾರದೋ ಗೂಡು ಹೇರಿಕೊಂಡು ಮಾರುಕಟ್ಟೆಗೆ ಹೋಗಿದ್ದ. ಆಸ್ಪತ್ರೆ ಮುಟ್ಟಿದ ಮೇಲೂ ಬಹಳ ಹೊತ್ತು ಎಳೆಯಿತು. ಮಗು ಹೊರಗೆ ಬಂದಾಗ ನೀಲಿಗಟ್ಟಿತ್ತು, ಉಸಿರೆತ್ತಲಿಲ್ಲ, ಅಳಲಿಲ್ಲ. ದಾದಿಯರು ಬೆನ್ನು ಉಜ್ಜಿದರು, ಅಂಗಾಲು ತಟ್ಟಿದರು, ಮೂಗು ಬಾಯಿಗೆ ಪುಟ್ಟ ಬಟ್ಟಲೊಂದನ್ನು ಒತ್ತಿ ಹಿಡಿದು ಗಾಳಿ ಊದಿದರು. ಸೊಸೆ ಮಲಗಿದಲ್ಲಿಂದ ಅವರ ಬೆನ್ನುಗಳನ್ನಷ್ಟೇ ಕಂಡಳು. ಕೊನೆಗೆ ಕೇಳಿಸಿದ್ದು ಅಳುವಲ್ಲ. ಎಣ್ಣೆ ಕಾಣದ ಬಾಗಿಲು ಒಂದು ಸಲ ಕಿರುಗುಟ್ಟಿದ ಹಾಗೆ, ಅಷ್ಟೇ.

ಆಮೇಲೆ ಗಾಜಿನ ಪೆಟ್ಟಿಗೆ. ಮಾರನೆಯ ದಿನ ಅದರೊಳಗೆ ಮಗುವಿನ ಒಂದು ಕೈ ತನ್ನಷ್ಟಕ್ಕೆ ತಾನೇ ನಡುಗಿ ನಿಂತಿತು. ಅದಾದ ಮೇಲೆ ಕಾಮಾಲೆಯೆಂದು ನೀಲಿ ಬೆಳಕಿನ ಕೆಳಗೆ ಇಟ್ಟರು. ಮನೆಗೆ ಕಳಿಸುವಾಗ ಮಕ್ಕಳ ಡಾಕ್ಟರಮ್ಮ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಮನೆಗೆ ಕಳಿಸ್ತಿದ್ದೇವೆ ಅಂದರೆ ಮುಗೀತು ಅಂತಲ್ಲ ಎಂದಿದ್ದರು. ತೂಕ ಕಡಿಮೆ, ಹೆರಿಗೆ ಎಳೆದದ್ದು, ತಡವಾಗಿ ಅತ್ತದ್ದು, ಪಿಟ್ಸು, ಕಾಮಾಲೆ. ಇಂಥ ಮಕ್ಕಳನ್ನು ಕಣ್ಣಿಟ್ಟು ಕಾಯಬೇಕು, ಕತ್ತು ನಿಲ್ಲುತ್ತದೆಯೇ, ಮುಷ್ಟಿ ಬಿಚ್ಚುತ್ತದೆಯೇ, ಕಣ್ಣು ನಿಮ್ಮ ಹಿಂದೆ ಬರುತ್ತದೆಯೇ ನೋಡುತ್ತಿರಬೇಕು, ಮೂರು ತಿಂಗಳಿಗೆ ಕರೆತನ್ನಿ, ಆರಕ್ಕೆ ಕರೆತನ್ನಿ ಎಂದು ಹೇಳಿ ಕಳಿಸಿದ್ದರು.

ಮನೆಯಲ್ಲಿ ಅತ್ತೆ ಬೇರೆಯೇ ಲೆಕ್ಕದಲ್ಲಿದ್ದಳು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿಸಲವೂ ಅದಕ್ಕೆ ಮುಂಚೆ ಮೇವು ಬಿಟ್ಟು, ಅಲ್ಲಾಡದೆ ಕೂತುಬಿಡುತ್ತದೆ. ಸಾಕುವವರು ಅದನ್ನು ಜ್ವರಕ್ಕೆ ಕೂತಿತು ಅನ್ನುತ್ತಾರೆ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ಬೆಳಕು ಬಿಡಬಾರದು, ಸದ್ದು ಮಾಡಬಾರದು. ಅವಸರಪಟ್ಟು ಕೆದಕಿದರೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಹುಳು ಸಾಯುತ್ತದೆ. ಸುಮ್ಮನೆ ಬಿಟ್ಟರೆ ತಾನೇ ಏಳುತ್ತದೆ, ಎದ್ದದ್ದು ಮೊದಲಿಗಿಂತ ದೊಡ್ಡದಾಗಿರುತ್ತದೆ. ಅತ್ತೆ ಈ ಕೆಲಸದಲ್ಲಿ ತಲೆ ನರೆಸಿಕೊಂಡವಳು. ಬಂದ ಮಗುವನ್ನು ಒಂದು ಸಲ ದಿಟ್ಟಿಸಿ ನೋಡಿ, ಇದು ಜ್ವರಕ್ಕೆ ಕೂತಿದೆ, ಅಷ್ಟೇ ಎಂದಳು. ಕಷ್ಟಪಟ್ಟು ಬಂದ ಜೀವ, ಸುಧಾರಿಸಿಕೊಳ್ಳಲಿ, ಯಾರೂ ಕೆದಕಬೇಡಿ. ಆ ಮಾತಿನಲ್ಲಿ ಪ್ರೀತಿಯಿತ್ತು. ಅದಕ್ಕೇ ಸೊಸೆಯೂ ನಂಬಿದಳು. ತಟ್ಟೆ, ಕಪ್ಪು ಬಟ್ಟೆ, ತಗ್ಗಿದ ದನಿ ಎಲ್ಲವೂ ಹಾಗೆ ಬಂದವು. ಆ ಮನೆಯಲ್ಲಿ ಯಾವುದನ್ನಾದರೂ ಜೋಪಾನ ಮಾಡುವುದೆಂದರೆ ಹಾಗೇ.

ನಂಬಿಕೆ ಕೆಟ್ಟದ್ದು ಸ್ನಾನ ಮಾಡಿಸುವಾಗ. ಸುತ್ತಿದ್ದ ಬಟ್ಟೆ ಬಿಚ್ಚಿ, ಕಂಕುಳಿಗೆ ಕೈಕೊಟ್ಟು ಎತ್ತಿದರೆ ಮಗುವಿನ ಎರಡೂ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಹೆಣೆದುಕೊಂಡು ಸೆಟೆಯುತ್ತಿದ್ದವು. ಕತ್ತು ಹಿಂದಕ್ಕೆ ಬೀಳುತ್ತಿತ್ತು. ಬಲಗೈಯ ಹೆಬ್ಬೆರಳು ಮುಷ್ಟಿಯೊಳಗೇ ಮಡಚಿಕೊಂಡಿದ್ದು, ಬಿಡಿಸಿದರೂ ತಿರುಗಿ ಒಳಗೆ ಸೇರಿಕೊಳ್ಳುತ್ತಿತ್ತು. ಒಮ್ಮೆ ಕಂಡದ್ದು ದಿನವೂ ಕಾಣತೊಡಗಿತು. ನಾಲ್ಕನೆಯ ಜ್ವರಕ್ಕೆ ಕೂತ ಹುಳುಗಳನ್ನು ನೋಡಿಬರಲು ಹೋದ ದಿನ ಅವಳು ತಟ್ಟೆಯ ಮುಂದೆ ನಿಂತೇಬಿಟ್ಟಳು. ಅಷ್ಟೂ ಹುಳುಗಳು ಅಲ್ಲಾಡದೆ ಕೂತಿದ್ದವು ನಿಜ. ಆದರೆ ಒಂದೊಂದೂ ತಲೆ ಎತ್ತಿ ಕೂತಿತ್ತು.

ನಾಳೆ ಆಸ್ಪತ್ರೆಗೆ ಹೋಗುತ್ತೇನೆ ಎಂದ ದಿನ ರಾತ್ರಿಯೂಟದ ಹೊತ್ತಿಗೆ ಮಾತು ಮತ್ತೆ ಎದ್ದಿತು. ಗಂಡ ಕೆಟ್ಟವನಲ್ಲ. ತಾಯಿ ಮಾತಾಡುವಾಗ ಆ ಕಡೆ, ಹೆಂಡತಿ ಮಾತಾಡುವಾಗ ಈ ಕಡೆ ತಲೆಯಾಡಿಸುವವನು; ಇಬ್ಬರೂ ಸುಮ್ಮನಾದರೆ ತಟ್ಟೆ ನೋಡಿಕೊಂಡು ಉಣ್ಣುವವನು. ಸೊಪ್ಪು ಕಡಿಯುವವರು ಯಾರು ಎಂದು ಮೆಲ್ಲಗೆ ಕೇಳಿದ. ತಾನೊಬ್ಬನೇ ಕಡಿದು, ಹೊತ್ತು, ಅಮ್ಮನೊಬ್ಬಳೇ ಹಾಕಿದರೆ ಸಂಜೆಯ ಮೇವು ತಪ್ಪುತ್ತದೆ ಎಂದ. ಅದು ಸುಳ್ಳಲ್ಲ. ಈ ಹುಳು ಒಂದು ಹೊತ್ತು ಹಸಿದರೆ ಗೂಡು ತೆಳುವಾಗುತ್ತದೆ. ಆ ಗೂಡಿನ ಮೇಲೆಯೇ ಮನೆಯ ಮುಂದಿನ ಮೂರು ತಿಂಗಳು ನಿಂತಿತ್ತು.

ಅತ್ತೆ ಹಳೆಯ ಮಾತು ತೆಗೆದಳು. ಬಸಿರಿನಲ್ಲಿ, ಹುಳಕ್ಕೆ ರೋಗ ಬಾರದಿರಲಿ ಅಂತ ಹೊಡೆಯುವ ಆ ಔಷಧಿಯ ಘಾಟಿನೊಳಗೆ ಹೋಗಬೇಡ ಅಂದಿದ್ದೆ, ಹುಳುಮನೆ ತೊಳೆಯೋಕೆ ನೀನೇ ಮುಂದಾದೆ ಎಂದಳು. ಸೊಸೆಗೆ ಅದು ಹೊಸದಲ್ಲ. ಆ ಮನೆಯಲ್ಲಿ ಮಗುವಿನ ಮಾತು ಬಂದಾಗೆಲ್ಲ ತಪ್ಪೆನ್ನುವುದು ಚೆಂಡಿನ ಹಾಗೆ ಒಬ್ಬರಿಂದೊಬ್ಬರಿಗೆ ಹೋಗುತ್ತಿತ್ತು. ಔಷಧಿಯ ಘಾಟು ಅಂದರೆ ಅವಳ ಕಡೆಗೆ, ನಾಳೆಯವರೆಗೂ ಎಳೆಯುತ್ತೆ ಅಂದದ್ದು ಎಂದರೆ ಅತ್ತೆಯ ಕಡೆಗೆ, ಗಾಡಿ ಅಂದರೆ ಗಂಡನ ಕಡೆಗೆ. ಯಾರೂ ಅದನ್ನು ಕೆಳಗೆ ಬೀಳಲು ಬಿಡುತ್ತಿರಲಿಲ್ಲ.

ಈ ಸಲ ಸೊಸೆ ಹಿಡಿಯಲು ಕೈ ಚಾಚಲಿಲ್ಲ. "ಆಳು ನಾನು ನೋಡ್ತೀನಿ," ಎಂದು ಎದ್ದಳು.

ಬೆಳಕು ಹರಿಯುವ ಮೊದಲೇ ಅವಳು ಬೇಲಿ ದಾಟಿದ್ದಳು. ಬೇಲಿಯಾಚೆಯ ಮನೆಯವಳಿಗೂ ಅತ್ತೆಗೂ ಮಾತು ನಿಂತು ಕೆಲವು ವರ್ಷಗಳಾಗಿದ್ದವು. ಅವಳು ತನ್ನ ಹೊಲದ ಬೆಳೆಗೆ ಹೊಡೆದ ಔಷಧಿ ಗಾಳಿಗೆ ತೇಲಿ ಇವರ ಹಿಪ್ಪುನೇರಳೆಯ ಮೇಲೆ ಕೂತಿತ್ತು. ಆ ಸೊಪ್ಪು ತಿಂದ ಹುಳುಗಳು ಒಂದೇ ದಿನದಲ್ಲಿ ಹಸಿರು ಕಾರಿಕೊಂಡು ಸತ್ತಿದ್ದವು. ಅತ್ತೆಯ ಕೈಯಲ್ಲಿ ಕೆಟ್ಟ ಬೆಳೆ ಅದೊಂದೇ. ಗಾಳಿ ನಾನು ಬಿಟ್ಟದ್ದಾ ಎಂದು ಅವಳು ಕೇಳಿದ್ದಳು. ಬಿಟ್ಟವಳು ಅಲ್ಲದಿದ್ದರೆ ಕರೆದವಳು ಎಂದು ಅತ್ತೆ ಹೇಳಿದ್ದಳು. ಅಲ್ಲಿಗೆ ಮುಗಿದಿತ್ತು.

ಬೇಲಿಯಾಚೆಯವಳು ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಸೊಸೆ ಹೇಳಿದ್ದನ್ನೆಲ್ಲ ತಿರುಗಿ ನೋಡದೆ ಕೇಳಿದಳು. ಒಂದು ದಿನಕ್ಕೆ ಮುಯ್ಯಾಳು ಬೇಕು; ದಿನಕ್ಕೆ ದಿನ ನಿಮ್ಮ ಕೆಲಸಕ್ಕೆ ಬಂದು ತೀರಿಸುತ್ತೇನೆ, ಕೂಲಿಯ ಮಾತಿಲ್ಲ.

"ನಿಮ್ಮತ್ತೆ ನನ್ನ ನೆರಳು ಬಿದ್ದ ಸೊಪ್ಪನ್ನಾದ್ರೂ ಹುಳಕ್ಕೆ ಹಾಕ್ತಾಳೇನಮ್ಮ?"

"ಒಳಗೆ ಬರೋದು ಬೇಡ ದೊಡ್ಡಮ್ಮ. ನಮ್ಮ ತೋಟದಲ್ಲಿ ಕಡಿದು ಬಾಗಿಲ ಮುಂದೆ ರಾಶಿ ಹಾಕಿ. ಹಾಕೋದು ಬಿಡೋದು ಅವರಿಗೆ ಬಿಟ್ಟದ್ದು."

"ಬೈದ್ರೆ?"

"ಬೈತಾರೆ."

ಬೇಲಿಯಾಚೆಯವಳು ಆಗ ತಿರುಗಿ ನೋಡಿದಳು. ನಗು ಬಂದದ್ದನ್ನು ತಡೆದುಕೊಳ್ಳಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡಳು. "ಹೋಗು. ಅವಳ ಬೈಗುಳ ಕೇಳಿ ನನಗೂ ಬಹಳ ದಿನ ಆಯ್ತು."

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮಗುವಿನ ಕತ್ತು ವಾಲಿದ್ದನ್ನು ನೋಡಿ, ಹುಷಾರಿಲ್ಲವಾ ಎಂದು ಕೇಳಿದಳು. ಹುಷಾರಾಗಿದೆ, ಕತ್ತು ನಿಂತಿಲ್ಲ ಎಂದಳು ಸೊಸೆ. ಆ ಹೆಂಗಸು ಅಯ್ಯೋ ಪಾಪ ಎಂದಳು. ಸೊಸೆ ಮಗುವನ್ನು ಆ ಭುಜದಿಂದ ಈ ಭುಜಕ್ಕೆ ಬದಲಾಯಿಸಿಕೊಂಡು, ಪಾಪ ಅನ್ನುವಂಥದ್ದು ಇನ್ನೂ ಏನೂ ಆಗಿಲ್ಲ ಎಂದಳು. ಆಮೇಲೆ ಇಳಿಯುವವರೆಗೂ ಆ ಹೆಂಗಸು ಕಿಟಕಿಯಾಚೆ ನೋಡಿದಳು.

ಡಾಕ್ಟರಮ್ಮ ಮಗುವನ್ನು ಬರಿಮೈ ಮಾಡಿ ಮೇಜಿನ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ನೋಡಿದರು. ಕೈ ಹಿಡಿದು ಎಬ್ಬಿಸಿದರು, ಮೊಣಕಾಲು ಮಡಿಸಿ ಬಿಚ್ಚಿದರು, ಮರೆಯಲ್ಲಿ ಗಿಲಕಿ ಆಡಿಸಿದರು. ಗಿಲಕಿಯ ಕಡೆಗೆ ಮಗುವಿನ ಕಣ್ಣು ತಿರುಗಿತು, ತಡವಾಗಿ. ಮೂರು ತಿಂಗಳಿಗೆ ಯಾಕೆ ಬರಲಿಲ್ಲ ಎಂದು ಕೇಳಿದರು. ಸೊಸೆ ನೆಪ ಹುಡುಕಲಿಲ್ಲ, ಬರಬೇಕಿತ್ತು ಎಂದಳು.

ಮಗುವಿನ ಸ್ನಾಯುಗಳು ಬಿಗಿಯಾಗುತ್ತಿವೆ, ಬಲಗಡೆ ಹೆಚ್ಚು ಎಂದರು. ಹುಟ್ಟುವಾಗ ಮಿದುಳಿಗೆ ಸಾಕಷ್ಟು ಉಸಿರು ಸಿಗದೆ ಹೋದದ್ದರಿಂದ ಆಗಿರಬಹುದು. ತೂಕ ಕಡಿಮೆಯಿದ್ದದ್ದೂ ಸೇರಿರಬಹುದು, ಕಾಮಾಲೆಯೂ ಸೇರಿರಬಹುದು, ಬಸಿರಿನಲ್ಲಿ ನಮಗೆ ಗೊತ್ತಾಗದೆ ಏನೋ ನಡೆದಿರಬಹುದು. ಇದರಿಂದಲೇ ಎಂದು ಒಂದನ್ನು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಇಷ್ಟೆಲ್ಲ ಇದ್ದೂ ಚೆನ್ನಾಗಿ ಓಡಾಡುವ ಮಕ್ಕಳಿದ್ದಾರೆ. ಇದ್ಯಾವುದೂ ಇಲ್ಲದೆ ಕಷ್ಟಪಡುವವರೂ ಇದ್ದಾರೆ. ಮಿದುಳು ಇನ್ನೂ ಎಳೆಯದು, ಈಗ ಕಲಿಸಿದಷ್ಟು ಕಲಿಯುತ್ತದೆ. ತಡಮಾಡಿದರೆ ಕಷ್ಟ. ನಡೆಯುತ್ತಾನೆ ಎಂದು ಭರವಸೆ ಕೊಡಲಾರೆ ಎಂದರು. ಹೇಳುವಾಗ ಅವರು ಮಗುವಿನ ಅಂಗಾಲನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

"ಭರವಸೆ ಕೇಳೋಕೆ ಬಂದಿಲ್ಲ ಮೇಡಂ," ಎಂದಳು ಸೊಸೆ. ಅವಳ ದನಿ ನಡುಗಿತು. ನಡುಗಿದ್ದಕ್ಕೆ ಅವಳಿಗೇ ಸಿಟ್ಟು ಬಂದು ಮುಂದಿನ ಮಾತು ಗಟ್ಟಿಯಾಯಿತು. "ಕೆಲಸ ಹೇಳಿ. ಏನು ಮಾಡ್ಬೇಕು, ದಿನಕ್ಕೆ ಎಷ್ಟು ಸಲ ಮಾಡ್ಬೇಕು, ಅದನ್ನ ಹೇಳಿ."

ಡಾಕ್ಟರಮ್ಮ ಕಳಿಸಿದ ವ್ಯಾಯಾಮದ ಕೋಣೆ ಆಸ್ಪತ್ರೆಯ ಪಡಸಾಲೆಯ ಕೊನೆಯಲ್ಲಿತ್ತು. ದೊಡ್ಡ ಕಿಟಕಿ, ನೆಲದ ಮೇಲೆ ದಪ್ಪ ಚಾಪೆ, ಮೂಲೆಯಲ್ಲಿ ಮಕ್ಕಳ ಎತ್ತರದ ಕನ್ನಡಿ. ಅಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಸೊಸೆಗಿಂತ ಚಿಕ್ಕವಳಿರಬೇಕು. ಅಂಗಿಯ ತೋಳು ಮಡಚಿಕೊಂಡು ಚಾಪೆಯ ಮೇಲೆ ಕೂತು, ಮಗುವನ್ನು ಇಲ್ಲಿ ಬೋರಲು ಹಾಕಿ ಎಂದಳು. ಸೊಸೆ ಹಾಕಿದಳು. ಹುಟ್ಟಿದಾಗಿನಿಂದ ಮಗು ಬೋರಲಾಗಿ ಮಲಗಿರಲಿಲ್ಲ. ಮೂಗು ಚಾಪೆಗೆ ತಾಗಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬೆನ್ನೆಲ್ಲ ಕೆಂಪಾಗಿ, ಇಡೀ ಪಡಸಾಲೆಗೆ ಕೇಳುವ ಹಾಗೆ ಅದು ಕಿರುಚಿಕೊಂಡಿತು. ಸೊಸೆ ಎತ್ತಿಕೊಳ್ಳಲು ಕೈ ಚಾಚಿದಳು. ಹುಡುಗಿ ಅವಳ ಮಣಿಕಟ್ಟು ಹಿಡಿದುಕೊಂಡಳು, ಗಟ್ಟಿಯಾಗಿಯೇ.

"ನೋಡಿ ಅಕ್ಕ. ಅಳೋಕೋಸ್ಕರ ತಲೆ ಎತ್ತೋಕೆ ನೋಡ್ತಿದ್ದಾನೆ. ನೋಡಿ."

ತಲೆ ಎದ್ದಿರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೂಗು ಉಜ್ಜಿಕೊಂಡು ಹೊರಳಿತ್ತು, ಅಷ್ಟೇ. ಆದರೆ ಕತ್ತಿನ ಹಿಂದೆ, ಕೂದಲು ಮುಗಿಯುವಲ್ಲಿ, ಏನೋ ಒಂದು ಎಳೆ ಬಿಗಿದು ಸಡಿಲವಾದದ್ದನ್ನು ಸೊಸೆ ಕಂಡಳು.

ಇಷ್ಟು ದಿನ ಹೇಗೆ ಮಲಗಿಸುತ್ತಿದ್ದಿರಿ ಎಂದು ಹುಡುಗಿ ಕೇಳಿದಳು. ಸೊಸೆ ಎಲ್ಲವನ್ನೂ ಹೇಳಿದಳು. ತಟ್ಟೆ, ಬಿಗಿ ಬಟ್ಟೆ, ಕಪ್ಪು ಪರದೆ, ಹುಳುಗಳ ಜ್ವರ. ಹೇಳುತ್ತ ಹೇಳುತ್ತ ಕೆನ್ನೆ ಬಿಸಿಯಾಯಿತು. ಹುಡುಗಿ ನಗಲಿಲ್ಲ. ತನ್ನಜ್ಜಿಯೂ ಹೀಗೆ ಏನೇನೋ ಹೇಳುತ್ತಾಳೆ, ಎಲ್ಲ ಪ್ರೀತಿಗೇ ಎಂದಳು. ಆದರೆ ಈ ಮಗುವಿಗೆ ಇದರ ತಿರುಗುಮುರುಗು ಬೇಕು. ಬೆಳಕು ಬೇಕು, ನೆಲ ಬೇಕು, ಮಾತು ಬೇಕು. ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳಬೇಕು. ಮುಷ್ಟಿಯನ್ನು ಎಳೆದು ಬಿಚ್ಚಬಾರದು, ಕೈಯ ಹಿಂಬದಿ ಸವರಿದರೆ ತಾನೇ ಬಿಚ್ಚುತ್ತದೆ. ಎಚ್ಚರವಾಗಿದ್ದಾಗೆಲ್ಲ ಆಗಾಗ ಬೋರಲು. ನೀವು ಪಕ್ಕದಲ್ಲೇ ಇರಬೇಕು, ನಿದ್ದೆಗೆ ಮಾತ್ರ ಅಂಗಾತ. ಹದಿನೈದು ದಿನಕ್ಕೊಮ್ಮೆ ಇಲ್ಲಿಗೆ ಬರಬೇಕು. ಸೊಸೆ ಹೇಳಿಸಿಕೊಂಡದ್ದನ್ನೆಲ್ಲ ಅಲ್ಲಿಯೇ ಕೂತು ತಾನೇ ಮಾಡಿ ತೋರಿಸಿದಳು. ಸರಿಯಾಯಿತು ಅನ್ನುವವರೆಗೆ ಎದ್ದೇಳಲಿಲ್ಲ.

ಅವಳು ಮನೆ ಮುಟ್ಟಿದಾಗ ಹುಳುಮನೆಯ ಬಾಗಿಲ ಮುಂದೆ ಸೊಪ್ಪಿನ ರಾಶಿ ಎದೆಯೆತ್ತರ ಬಿದ್ದಿತ್ತು. ಅತ್ತೆ ಅದರ ಪಕ್ಕ ಕೂತು ಒಂದೊಂದು ಕಡ್ಡಿಯನ್ನೂ ಎತ್ತಿ ಮೂಸಿ ನೋಡಿ ಒಳಗೆ ಕಳಿಸುತ್ತಿದ್ದಳು. ಒಂದು ಹಿಡಿ ಹುಳುವಿಗೆ ಮೊದಲು ತಿನ್ನಿಸಿ ಕಾದು ನೋಡಿದ್ದೂ ಆಗಿತ್ತೆಂದು ಗಂಡ ಆಮೇಲೆ ಹೇಳಿದ. ಬೇಲಿಯಾಚೆಯವಳು ಬೈಗುಳ ಕೇಳಿಸಿಕೊಂಡು, ಅದರಲ್ಲಿ ಹಳೆಯ ಕಸುವು ಉಳಿದಿಲ್ಲ ಎಂದು ಹೇಳಿ ಹೋಗಿದ್ದಳಂತೆ.

ಸೊಸೆ ನೇರವಾಗಿ ಮುಂದಿನ ಕೋಣೆಗೆ ಹೋಗಿ ಕಿಟಕಿಯ ಕಪ್ಪು ಬಟ್ಟೆ ಎಳೆದು ತೆಗೆದಳು. ಮಗುವಿನ ತಟ್ಟೆಯ ಹಾಸಿಗೆ ತೆಗೆದು, ತಟ್ಟೆಯನ್ನು ಬಾವಿಕಟ್ಟೆಗೆ ಒಯ್ದು ತೊಳೆದು, ಅತ್ತೆಯ ಎದುರು ಗೋಡೆಗೆ ಒರಗಿಸಿದಳು.

"ಹುಳಕ್ಕೆ ತಟ್ಟೆ ಸಾಲ್ತಿಲ್ಲ ಅಂತಿದ್ರಲ್ಲ ಅತ್ತೆ. ಇದನ್ನ ತಗೊಳ್ಳಿ. ಇವನಿಗೆ ಇನ್ನು ಬೇಡ."

ಬಾಗಿಲ ಬೆಳಕು ಬೀಳುವಲ್ಲಿ ಗೋಣಿ ಹಾಸಿ, ಅದರ ಮೇಲೆ ದಪ್ಪ ಬಟ್ಟೆ ಹಾಸಿ ಮಗುವನ್ನು ಬೋರಲು ಹಾಕಿದಳು. ತಾನೂ ಅದರೆದುರು ನೆಲಕ್ಕೆ ಗದ್ದ ಕೊಟ್ಟು ಮಲಗಿದಳು. ಅದು ಕಿರುಚಿತು. ಆ ಮನೆಯಲ್ಲಿ ಯಾರೂ ಅಂಥ ದನಿ ಕೇಳಿರಲಿಲ್ಲ. ಅತ್ತೆ ಎದ್ದು ಓಡಿಬಂದಳು, ಗಂಡ ಸೊಪ್ಪಿನ ಹೊರೆ ಅಲ್ಲೇ ಬಿಸಾಕಿ ಬಂದ.

"ಮಗೂನ ನೆಲಕ್ಕೆ ಹಾಕಿ ಅಳಿಸ್ತೀಯಲ್ಲೇ, ಕರುಳು ಇದ್ಯಾ ನಿಂಗೆ? ಸಾಧು ಕೂಸು ಅದು."

"ಸಾಧು ಅನ್ಬೇಡಿ ಅವನನ್ನ." ಸೊಸೆ ಮಲಗಿದಲ್ಲಿಂದ ಏಳಲಿಲ್ಲ. "ಹುಟ್ಟಿದ ದಿನ ಅಳಬೇಕಿತ್ತು, ಅಳಲಿಲ್ಲ. ಅವತ್ತಿನ ಅಳು ಬಾಕಿ ಇದೆ. ಅಳಲಿ ಬಿಡಿ."

ಅತ್ತೆ ಬಾಗಿ ಮಗುವನ್ನು ಎತ್ತಿಕೊಳ್ಳಲು ಹೋದಳು. ಸೊಸೆ ಎದ್ದು ಕೂತು ನಡುವೆ ಕೈ ಅಡ್ಡ ಹಿಡಿದಳು. ಮದುವೆಯಾಗಿ ಬಂದಂದಿನಿಂದ ಅವಳು ಅತ್ತೆಗೆ ಕೈ ಅಡ್ಡ ಮಾಡಿದ್ದು ಅದೇ ಮೊದಲು. ಅದು ಇಬ್ಬರಿಗೂ ಗೊತ್ತಾಯಿತು. ಗಂಡ ಅಭ್ಯಾಸದ ಮೇಲೆ ತಲೆಯಾಡಿಸಿದ, ಯಾವ ಕಡೆಗೆಂದು ಅವನಿಗೇ ತಿಳಿದಿರಲಿಲ್ಲ. ಮಗು ಅತ್ತು ಅತ್ತು ಸುಸ್ತಾಗುವ ಮೊದಲೇ ಸೊಸೆ ಅದನ್ನು ಎತ್ತಿ, ಕಾಲು ಅಗಲಿಸಿ ಸೊಂಟಕ್ಕೆ ಕೂರಿಸಿಕೊಂಡು, ಬಾ, ಹುಳಕ್ಕೆ ಸೊಪ್ಪು ಹಾಕೋಣ ಎಂದು ಒಳಗೆ ನಡೆದಳು. ಆ ಸಂಜೆಯ ಮೇವು ತಪ್ಪಲಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತೆ ಸೊಸೆಯ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಆಡಲಿಲ್ಲ. ಹುಳು ಬೆಳೆದವು, ಹಣ್ಣಾದವು, ಚಂದ್ರಿಕೆ ಹತ್ತಿ ನೂಲು ಬಿಡತೊಡಗಿದವು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಮೇವಿನ ನಡುನಡುವೆ, ಬಾಗಿಲ ಬೆಳಕಿನಲ್ಲಿ ಮಗುವಿನ ಕೂಗು ಏಳುತ್ತಿತ್ತು. ಸೊಸೆ ನೆಲಕ್ಕೆ ಗದ್ದ ಕೊಟ್ಟುಕೊಂಡು ಅದರ ಜೊತೆ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದಳು. ಇವತ್ತಿನ ಸೊಪ್ಪು, ನಿನ್ನಪ್ಪನ ಹೊರೆ, ನಿನ್ನಜ್ಜಿಯ ಮುಖದ ಗಂಟು. ಕೆಲವು ದಿನ ತಲೆ ಒಂಚೂರು ಎದ್ದಂತೆ ಕಾಣುತ್ತಿತ್ತು, ಕೆಲವು ದಿನ ಮೊದಲಿನಷ್ಟೂ ಇರುತ್ತಿರಲಿಲ್ಲ. ಅಂಥ ದಿನ ಅವಳು ಬಾವಿಕಟ್ಟೆಗೆ ಹೋಗಿ ಬೇಡದ ಪಾತ್ರೆಯನ್ನೂ ತಿಕ್ಕಿ ಬರುತ್ತಿದ್ದಳು.

ಚಂದ್ರಿಕೆಯಿಂದ ಗೂಡು ಬಿಡಿಸುವ ದಿನ ಎದುರು ಬದುರು ಕೂತಿದ್ದಾಗ ಅತ್ತೆ ಒಮ್ಮೆಗೇ ಕೇಳಿದಳು.

"ಡಾಕ್ಟರು ಏನಂದ್ರು? ಯಾರಿಂದ ಆಯ್ತಂತೆ?"

ಕೇಳುವಾಗ ಅವಳ ಕೈ ನಿಂತಿರಲಿಲ್ಲ, ಆದರೆ ಬಿಡಿಸಿದ ಗೂಡನ್ನೇ ಮತ್ತೆ ಬಿಡಿಸುತ್ತಿತ್ತು. ಸೊಸೆ ಅದನ್ನು ನೋಡಿದಳು. ಔಷಧಿಯ ಘಾಟಿನ ಮಾತನ್ನು ಅತ್ತೆ ಯಾಕೆ ಅಷ್ಟು ಸಲ ತೆಗೆಯುತ್ತಿದ್ದಳೆಂದು ಅವಳಿಗೆ ಅಂದು ಗೊತ್ತಾಯಿತು. ಚೊಚ್ಚಲು ಹೆರಿಗೆ ನಾಳೆಯವರೆಗೂ ಎಳೆಯುತ್ತದೆ ಎಂದ ಬಾಯಿ ಅದು.

"ಯಾರಿಂದ ಅಂತ ಹೇಳೋಕಾಗಲ್ಲ ಅಂದ್ರು. ನಾನು ನಿಮ್ಮನ್ನ ಕೇಳಲ್ಲ ಅತ್ತೆ. ನೀವೂ ನನ್ನ ಕೇಳಬಾರ್ದು. ನಿಮ್ಮ ಮಗನನ್ನೂ ಕೇಳಬಾರ್ದು. ಮುಗೀತು ಅದು."

ಅತ್ತೆ ಗೂಡನ್ನು ಬುಟ್ಟಿಗೆ ಹಾಕಿದಳು. ಇನ್ನೊಂದಕ್ಕೆ ಕೈ ಹಾಕುತ್ತ, ಹದಿನೈದು ದಿನಕ್ಕೆ ಬರೋಕೆ ಹೇಳಿದ್ದರಲ್ಲ, ಯಾವತ್ತು ಎಂದು ಕೇಳಿದಳು. ನಾಳೆ ಎಂದಳು ಸೊಸೆ.

ಅದೇ ಸಂಜೆ ಬೇಲಿಯಾಚೆಯಿಂದ ಕೂಗು ಬಂತು. ಜೋಳ ಒಣಗಿ ನಿಂತಿದೆ, ಆಕಾಶ ನೋಡಿದರೆ ನಂಬಿಕೆಯಿಲ್ಲ, ನಾಳೆ ಕೊಯ್ಯಬೇಕು, ಮುಯ್ಯಿ ತೀರಿಸಮ್ಮ ಎಂದು ಅವಳು ಬೇಲಿಯ ಮೇಲಿಂದಲೇ ಹೇಳಿಹೋದಳು. ಕೇಳಿದ್ದು ನ್ಯಾಯವೇ. ಸೊಸೆ ಬೇಲಿಯ ಈಚೆ ನಿಂತು, ನಾಡಿದ್ದು ಬರಲೇ ಎಂದಳು. ಅಷ್ಟರಲ್ಲಿ ಬೇಲಿಯಾಚೆಯವಳು ಕೊಟ್ಟಿಗೆ ಹೊಕ್ಕಾಗಿತ್ತು. ರಾತ್ರಿ ಗಂಡ ತಾನು ಹೋಗುತ್ತೇನೆ ಎಂದ. ಆದರೆ ಬೆಳಗಾದರೆ ಅವನು ಗೂಡು ಹೇರಿಕೊಂಡು ಮಾರುಕಟ್ಟೆಗೆ ಹೋಗಲೇಬೇಕಿತ್ತು. ಏನೇ ಆದರೂ ಬಸ್ಸು ತಪ್ಪಿಸುವುದಿಲ್ಲ, ಬೈಯಿಸಿಕೊಳ್ಳುತ್ತೇನೆ, ತಿರುಗಿ ಬಂದು ಎರಡು ದಿನ ದುಡಿದು ತೀರಿಸುತ್ತೇನೆ ಎಂದು ಸೊಸೆ ಹಟ ಹಿಡಿದು ಮಲಗಿದಳು.

ಬೆಳಿಗ್ಗೆ ಅವಳು ಮಗುವನ್ನು ಸೊಂಟಕ್ಕೆ ಕೂರಿಸಿಕೊಂಡು ಹೊರಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತು ಕುಡುಗೋಲನ್ನು ಕಲ್ಲಿಗೆ ಮಸೆಯುತ್ತಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಾಗಿತ್ತು.

"ಏನು ನೋಡ್ತೀಯ? ಬಸ್ಸು ಹೋಗತ್ತೆ," ಎಂದಳು. "ಆ ಹೆಂಗಸಿನ ಋಣದಲ್ಲಿ ನಾನು ಒಂದು ದಿನಾನೂ ಇರಲ್ಲ. ನಿನಗೋಸ್ಕರ ಅಂತ ತಿಳ್ಕೋಬೇಡ."

ಸೊಸೆ ತಿಳಿದುಕೊಳ್ಳಲಿಲ್ಲ, ಅಥವಾ ತಿಳಿದುಕೊಂಡದ್ದನ್ನು ತೋರಿಸಲಿಲ್ಲ. ಬಸ್ಸಿನ ಕಡೆಗೆ ಬಿರಬಿರನೆ ನಡೆದಳು.

ಅವಳು ತಿರುಗಿ ಬಂದದ್ದು ಹೊತ್ತು ಇಳಿದ ಮೇಲೆ. ಬಸ್ಸಿನಿಂದಿಳಿದು ಹೊಲದ ಬದುವಿನ ಮೇಲೆ ಬರುವಾಗ ದೂರದಿಂದಲೇ ಇಬ್ಬರೂ ಕಂಡರು. ಹೊಲದ ಆ ತುದಿಯಲ್ಲೊಬ್ಬಳು, ಈ ತುದಿಯಲ್ಲೊಬ್ಬಳು. ನಡುವೆ ಕೊಯ್ದ ಜೋಳ ಸಾಲಾಗಿ ಮಲಗಿತ್ತು. ಮಾತಿನ ಸದ್ದಿರಲಿಲ್ಲ, ಕುಡುಗೋಲಿನ ಸದ್ದು ಮಾತ್ರ, ಒಬ್ಬಳದಕ್ಕಿಂತ ಇನ್ನೊಬ್ಬಳದು ಜೋರು.

ಬೇಲಿಯಾಚೆಯವಳು ಸೊಸೆಯನ್ನು ಕಂಡು ಬೆನ್ನು ನೆಟ್ಟಗೆ ಮಾಡಿದಳು. "ನಿನ್ನ ಬಾಕಿ ಮಧ್ಯಾಹ್ನವೇ ತೀರಿತಮ್ಮ. ಸಾಕು ಹೋಗು ಅಂದ್ರೆ ಈ ಮುದುಕಿ ಕೇಳ್ತಿಲ್ಲ."

"ಮುದುಕಿ ಯಾರು, ಕನ್ನಡಿ ನೋಡ್ಕೊಂಡು ಹೇಳು," ಎಂದಳು ಅತ್ತೆ, ಕೊಯ್ಯುತ್ತಲೇ. ಅವಳು ಹಿಡಿದಿದ್ದ ಸಾಲು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಮುಗಿಸಿ, ಹೊರೆಯನ್ನು ಮೊಣಕಾಲಿನಿಂದ ಅದುಮಿ ಕಟ್ಟಿ, ಬೇಲಿಯಾಚೆಯವಳ ಕಡೆಗೆ ಕುಡುಗೋಲಿನ ತುದಿ ತೋರಿಸಿದಳು. "ಮೂರು ಸಾಲು ಹೆಚ್ಚು ಕೊಯ್ದಿದ್ದೀನಿ. ಲೆಕ್ಕ ಇಟ್ಕೋ. ಇನ್ನು ಹದಿನೈದು ದಿನಕ್ಕೆ ಇವಳು ಮತ್ತೆ ಹೋಗ್ಬೇಕು. ಹೊಸ ಹುಳು ತರ್ತೀವಿ. ಸೊಪ್ಪು ಕಡಿಯೋಕೆ ಬಾ."

"ಬಾಗಿಲವರೆಗೋ, ಒಳಗೋ?"

ಅತ್ತೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಧೂಳು ಕೊಡವಿ, ಕೂಳೆ ಚುಚ್ಚದ ಕಡೆ ಹುಡುಕಿ ನೆಲದ ಮೇಲೆ ಹಾಸಿದಳು. ಸೊಸೆಯ ಸೊಂಟದಿಂದ ಮಗುವನ್ನು ತೆಗೆದುಕೊಂಡು, ಸ್ವಲ್ಪ ಹೊತ್ತು ಹೇಗೆ ಹಿಡಿಯಬೇಕೆಂದು ತಿಳಿಯದೆ ನಿಂತು, ಆಮೇಲೆ ಬೋರಲು ಹಾಕಿದಳು. ಮಗು ಕೂಗಲು ಶುರುಮಾಡಿತು. ಬೇಲಿಯಾಚೆಯವಳು ಎಂಥಾ ಗಂಟಲಮ್ಮ ಇದರದು ಎಂದು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಅತ್ತೆ ಕುಡುಗೋಲನ್ನು ಮಗುವಿನಿಂದ ದೂರ ಸರಿಸಿಟ್ಟು, ಎದುರಿಗೆ ಮೊಣಕೈಯೂರಿ, ಮೆಲ್ಲಗೆ ಹೊಟ್ಟೆಯ ಮೇಲೆ ಮಲಗಿ ಗದ್ದವನ್ನು ನೆಲಕ್ಕೆ ತಂದಳು.

ಬಿಸಿಲು ಜೋಳದ ಕೂಳೆಯ ಮೇಲೆ ಅಡ್ಡವಾಗಿ ಬಿದ್ದಿತ್ತು. ಮಗುವಿನ ಮುಷ್ಟಿಗೆ ಒಂದು ಒಣಗಿದ ಗರಿ ತಾಗಿತು. ಕೂಗು ಅರ್ಧಕ್ಕೆ ನಿಂತಿತು. ಹಣೆಗೆ ಬಟ್ಟೆಯ ನೇಯ್ಗೆಯ ಅಚ್ಚು ಮೂಡಿತ್ತು. ಆ ಹಣೆ ಬಟ್ಟೆಯಿಂದ ಒಂದಿಷ್ಟು ಮೇಲೆದ್ದು, ನಡುಗುತ್ತ, ಎದುರಿಗಿದ್ದ ಮುಖವನ್ನು ಹುಡುಕುತ್ತ ನಿಂತಿತು. ಬಿದ್ದಿತು. ಅತ್ತೆ ಗದ್ದ ಎತ್ತದೆ ಹಾಗೆಯೇ ಮಲಗಿ, ಮತ್ತೆ ಏಳುವುದನ್ನು ಕಾದಳು.